ಹೊಳೆಯ ಮೀನು ಸತ್ತರೆ ಪಾಲುದಾರರೂ ಹೊಣೆ

ನೀರನ್ನು ಸೋಸಿ ಕುಡಿಯುವುದು, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿ ಬಿಡುವುದು ಶ್ರಾವಕರ ಮನೆಗಳಲ್ಲಿ ಹಿಂದಿನಿಂದ ಬಂದ ಕ್ರಮ. ಇಷ್ಟು ಎಚ್ಚರ ವಹಿಸುವ ನಾವು, ನಮ್ಮ ಕಾರ್ಖಾನೆಯ ಹಿಂದಿನ ಚರಂಡಿ ಎಲ್ಲಿಗೆ ಹೋಗುತ್ತದೆಂದು ನೋಡಿದ್ದೇವೆಯೇ?

ನಂದಿಬೆಟ್ಟದಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯು ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟನ್ನೂ ಮುಂದೆ ಕೃಷ್ಣಗಿರಿ ಅಣೆಕಟ್ಟನ್ನೂ ತುಂಬುತ್ತದೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೊಳಚೆ ಸೇರುವುದೂ ಇದೇ ನದಿಗೆ. ಈಚಿನ ವರ್ಷಗಳಲ್ಲಿ ಕೆಲವರಪಳ್ಳಿಯ ಗೇಟು ತೆಗೆದಾಗ ಬಿಳಿ ನೊರೆ ರಾಶಿರಾಶಿಯಾಗಿ ಎದ್ದದ್ದು ಈ ಭಾಗದವರಿಗೆಲ್ಲ ತಿಳಿದದ್ದೇ. ಕೊಳಚೆ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗುತ್ತದೆ. ಮೀನು ಬಾಳುವ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಂ ಆದರೂ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ. ತೀರಾ ಇಳಿದರೆ ಮೀನು ಉಸಿರುಕಟ್ಟಿ ಸಾಯುತ್ತದೆ.

"ಕೊಳೆ ಬೆಂಗಳೂರಿನದು" ಎಂದು ಕೈ ತೋರಿಸುವುದು ಸುಲಭ. ಆದರೆ ಕಾನೂನು ಪ್ರತಿಯೊಬ್ಬನ ಚರಂಡಿಯನ್ನೂ ಬೇರೆಯಾಗಿಯೇ ನೋಡುತ್ತದೆ.

1897ರ ಭಾರತೀಯ ಮೀನುಗಾರಿಕೆ ಕಾನೂನಿನ ಮೂಲ ಪಾಠದಂತೆ, ಮೀನು ಹಿಡಿಯಲು ಅಥವಾ ಕೊಲ್ಲಲು ನೀರಿಗೆ ವಿಷ ಹಾಕಿದವನಿಗೆ 2 ತಿಂಗಳವರೆಗೆ ಸಜೆ ಇಲ್ಲವೆ 200 ರೂಪಾಯಿವರೆಗೆ ದಂಡ. ಅಲ್ಲಿ ಉದ್ದೇಶ ಮುಖ್ಯ. 1974ರ ಜಲ ಕಾನೂನು ಹಾಗಲ್ಲ. ಜಲಚರಗಳ ಜೀವಕ್ಕೆ ಹಾನಿಯಾಗುವಂತೆ ನೀರು ಕೆಡುವುದನ್ನೂ ಅದು ಮಾಲಿನ್ಯವೆಂದೇ ಹೇಳುತ್ತದೆ. ಕೊಲ್ಲುವ ಮನಸ್ಸು ಬೇಕಿಲ್ಲ. ತಿಳಿದೂ ಕೊಳೆ ಬಿಟ್ಟರೆ, ಬಿಡಗೊಟ್ಟರೆ ಸಾಕು. ಇದಕ್ಕೆ ಒಂದೂವರೆ ವರ್ಷದಿಂದ 6 ವರ್ಷದವರೆಗೆ ಸಜೆ ಮತ್ತು ದಂಡ ಇತ್ತು. 2024ರ ತಿದ್ದುಪಡಿ ಸಜೆಯನ್ನು ತೆಗೆದು, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು. ಅದು ಮೊದಲು ಜಾರಿಯಾದದ್ದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಬೇರೆ ರಾಜ್ಯಗಳಿಗೆ ಅನ್ವಯಿಸಲು ಅಲ್ಲಿನ ಶಾಸನಸಭೆಯ ನಿರ್ಣಯ ಬೇಕು. ಮಂಡಳಿಯ ಒಪ್ಪಿಗೆ ಪತ್ರವಿಲ್ಲದೆ ಕೊಳೆನೀರು ಬಿಡುವ ಕಾರ್ಖಾನೆ ನಡೆಸಿದರೆ ಮಾತ್ರ ತಿದ್ದುಪಡಿಯ ನಂತರವೂ ಸಜೆ ಉಂಟು.

ವ್ಯಾಪಾರಸ್ಥರು ಗಮನಿಸಬೇಕಾದ ಮಾತು 47ನೆಯ ಕಲಮಿನಲ್ಲಿದೆ. ತಪ್ಪು ಸಂಸ್ಥೆಯದಾದರೆ, ವ್ಯವಹಾರ ನಡೆಸುವ ಜವಾಬ್ದಾರಿ ಹೊತ್ತವರೂ ಹೊಣೆಗಾರರು. ಪಾಲುದಾರಿಕೆಯ ಅಂಗಡಿಯೂ ಇಲ್ಲಿ ಸಂಸ್ಥೆಯೇ. ತಮಗೆ ತಿಳಿಯದೆ ನಡೆಯಿತು, ಅಥವಾ ತಕ್ಕ ಎಚ್ಚರ ವಹಿಸಿದ್ದೆವು ಎಂದು ಅವರೇ ಸಾಬೀತು ಮಾಡಬೇಕು. ಇದಲ್ಲದೆ 33ಎ ಕಲಮಿನಂತೆ ಮಂಡಳಿ ಕರೆಂಟು, ನೀರು ನಿಲ್ಲಿಸಿ ಬಾಗಿಲು ಹಾಕಿಸಬಹುದು. ದಂಡಕ್ಕಿಂತ ಅದೇ ದೊಡ್ಡ ಪೆಟ್ಟು.

ಪಕ್ಕದ ವೆಲ್ಲೂರಿನ ಪಾಠವೂ ಇದೆ. ಪಾಲಾರ್ ನದಿಯನ್ನು ಕೆಡಿಸಿದ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಒಂದೊಂದಕ್ಕೂ 10 ಸಾವಿರ ರೂಪಾಯಿ ದಂಡ ಹಾಕಿತು. ಕೆಡಿಸಿದವನೇ ಖರ್ಚು ಭರಿಸಬೇಕೆಂಬ ತತ್ವವನ್ನೂ ಎತ್ತಿಹಿಡಿಯಿತು.

ನಾವು ಕಾನೂನು ಓದಿದವರಲ್ಲ, ವ್ಯಾಪಾರಿಗಳು. ಆದರೆ ಒಪ್ಪಿಗೆ ಪತ್ರದ ಮುಗಿಯುವ ತಾರೀಖು ನೋಡಲು, ಕೊಳೆನೀರು ಒಯ್ದ ಟ್ಯಾಂಕರಿನವನಿಂದ ರಸೀದಿ ಪಡೆಯಲು ವಕೀಲರು ಬೇಕಿಲ್ಲ. ನಾವು ಮೀನು ತಿನ್ನದವರು ನಿಜ. ತಿನ್ನದವರ ಚರಂಡಿಯಿಂದಲೂ ಮೀನು ಸಾಯುತ್ತದೆ. ದೀಪಾವಳಿಗೆ ಹೊಸ ಖಾತೆ ತೆರೆಯುವ ಮುನ್ನ, ಮನೆಯ ಹುಡುಗರನ್ನೂ ಕರೆದುಕೊಂಡು ಆ ಚರಂಡಿಯ ಕೊನೆಯವರೆಗೆ ಒಮ್ಮೆ ನಡೆದು ನೋಡಿ.