ಬಂಡವಾಳದ ಪ್ರತಿಫಲ: ಒಂದು ಅಳತೆಗೋಲಿನ ಅರ್ಥವಿವೇಚನೆ

ಉದ್ಯಮವೊಂದು ಎಷ್ಟು ಸಮರ್ಥವಾಗಿ ನಡೆಯುತ್ತಿದೆಯೆಂಬುದನ್ನು ಅರಿಯಲು ಲಾಭದ ಮೊತ್ತವೊಂದೇ ಸಾಲದು. 10 ಲಕ್ಷ ರೂಪಾಯಿ ತೊಡಗಿಸಿ 2 ಲಕ್ಷ ಗಳಿಸುವುದಕ್ಕೂ 40 ಲಕ್ಷ ತೊಡಗಿಸಿ ಅಷ್ಟನ್ನೇ ಗಳಿಸುವುದಕ್ಕೂ ಬಹಳ ಅಂತರವುಂಟು. ಆದುದರಿಂದಲೇ ಲಾಭವನ್ನು ಬಂಡವಾಳದಿಂದ ಭಾಗಿಸಿ ಶೇಕಡಾ ರೂಪದಲ್ಲಿ ಹೇಳುವ ಕ್ರಮ ರೂಢಿಗೆ ಬಂದಿದೆ. ಇದನ್ನು ಬಂಡವಾಳದ ಪ್ರತಿಫಲವೆನ್ನುವರು.

ಅಮೆರಿಕದ ಡುಪಾಂಟ್ ಸಂಸ್ಥೆಯಲ್ಲಿದ್ದ ಡೊನಾಲ್ಡ್‌ಸನ್ ಬ್ರೌನ್ ಎಂಬಾತನು 1910ರ ದಶಕದಲ್ಲಿ ಈ ಪ್ರತಿಫಲವನ್ನು ಎರಡು ಅಂಗಗಳಾಗಿ ಬಿಡಿಸಿ ತೋರಿಸಿದನು. ಮಾರಾಟದ ಪ್ರತಿ ರೂಪಾಯಿಗೆ ದೊರೆಯುವ ಲಾಭ ಒಂದು. ಬಂಡವಾಳದ ಪ್ರತಿ ರೂಪಾಯಿಗೆ ನಡೆಯುವ ಮಾರಾಟ ಮತ್ತೊಂದು. ಇವೆರಡರ ಗುಣಲಬ್ಧವೇ ಪ್ರತಿಫಲ. ಅಲ್ಪ ಲಾಭಕ್ಕೆ ಬೇಗಬೇಗನೆ ಸರಕು ಮಾರುವ ಕಿರಾಣಿ ಅಂಗಡಿಯೂ, ಕೆಲವೇ ಒಡವೆಗಳನ್ನು ಹೆಚ್ಚು ಲಾಭಕ್ಕೆ ಮಾರುವ ಚಿನಿವಾರನ ಅಂಗಡಿಯೂ ಸಮಾನ ಪ್ರತಿಫಲ ಪಡೆಯಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಈ ಭಾಗಲಬ್ಧವು ಏರುವುದಕ್ಕೆ ಎರಡು ದಾರಿಗಳುಂಟು: ಅಂಶವಾದ ಲಾಭ ಹೆಚ್ಚಬಹುದು, ಇಲ್ಲವೆ ಛೇದವಾದ ಬಂಡವಾಳ ಕುಗ್ಗಬಹುದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಾರ್ಖಾನೆಯ ಶಾಖೆಯೊಂದು 10 ಲಕ್ಷ ರೂಪಾಯಿಗೆ ಯಂತ್ರವೊಂದನ್ನು ಕೊಂಡಿತು. ಅದರ ಆಯುಸ್ಸು 10 ವರ್ಷ. ವರ್ಷಕ್ಕೆ 1 ಲಕ್ಷ ಸವಕಳಿ. ಸವಕಳಿ ಕಳೆದು, ಬಡ್ಡಿ ಕಳೆಯುವ ಮುನ್ನ, ಪ್ರತಿವರ್ಷವೂ 2 ಲಕ್ಷ ಲಾಭ. ಮೊದಲ ವರ್ಷದ ಪ್ರತಿಫಲ ಶೇ. 20. ಆರನೆಯ ವರ್ಷದ ಆರಂಭಕ್ಕೆ ಲೆಕ್ಕಪುಸ್ತಕದಲ್ಲಿ ಯಂತ್ರದ ಬೆಲೆ 5 ಲಕ್ಷಕ್ಕೆ ಇಳಿದಿರುವುದರಿಂದ ಪ್ರತಿಫಲ ಶೇ. 40 ಆಗುತ್ತದೆ, ಒಂಬತ್ತನೆಯ ವರ್ಷದಲ್ಲಿ ಶೇ. 100. ಗಳಿಕೆಯಲ್ಲಿ ಒಂದು ಕಾಸೂ ಹೆಚ್ಚಿಲ್ಲ. ಯಂತ್ರ ಹಳತಾಯಿತು, ಅಷ್ಟೆ.

ಆರನೆಯ ವರ್ಷದಲ್ಲಿ ಅದೇ ಬೆಲೆಯ, ಅಷ್ಟೇ ಲಾಭ ತರುವ ಇನ್ನೊಂದು ಯಂತ್ರವನ್ನು ಕೊಳ್ಳುವ ಸಲಹೆ ಬಂದಿತೆನ್ನೋಣ. ಶೇ. 12ರ ಬಡ್ಡಿಗೆ ಹಣ ದೊರೆತರೆ, 1.2 ಲಕ್ಷ ಬಡ್ಡಿ ಕಳೆದೂ ಮೊದಲ ವರ್ಷವೇ 80 ಸಾವಿರ ಉಳಿಯುತ್ತದೆ. ಶಾಖೆಯ ಪ್ರತಿಫಲವಾದರೋ, 15 ಲಕ್ಷದ ಮೇಲೆ 4 ಲಕ್ಷ ಲಾಭವಾಗಿ, ಶೇ. 40ರಿಂದ ಸುಮಾರು ಶೇ. 27ಕ್ಕೆ ಇಳಿಯುತ್ತದೆ. ತನ್ನ ಬಡ್ತಿ ಈ ಅಂಕಿಯನ್ನೇ ಅವಲಂಬಿಸಿರುವ ವ್ಯವಸ್ಥಾಪಕನು ಸಲಹೆಯನ್ನು ತಳ್ಳಿಹಾಕಿದರೆ ಆಶ್ಚರ್ಯವೇನು? ಸಂಸ್ಥೆಗೆ ಲಾಭ ತಪ್ಪಿತು, ಕೆಲವರಿಗೆ ದೊರೆಯಬಹುದಾಗಿದ್ದ ಕೆಲಸ ತಪ್ಪಿತು. ಆತನಿಗೆ ಮಾತ್ರ ಪ್ರಶಂಸೆ ಸಂದಿತು.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಡುಪಾಂಟ್ ಸಂಸ್ಥೆಯು ಸವಕಳಿಯನ್ನು ಕಳೆಯದೆ, ಆಸ್ತಿಯ ಮೂಲಬೆಲೆಯ ಮೇಲೆಯೇ ಪ್ರತಿಫಲವನ್ನು ಎಣಿಸುತ್ತಿತ್ತು. ಆ ಕ್ರಮದಲ್ಲಿ ನಮ್ಮ ಶಾಖೆಯ ಪ್ರತಿಫಲ ಹೊಸ ಯಂತ್ರಕ್ಕೆ ಮುನ್ನವೂ ಅನಂತರವೂ ಶೇ. 20 ಆಗಿಯೇ ಇರುತ್ತದೆ. ಆದರೂ ಅದು ದೋಷರಹಿತವಲ್ಲ. ಬೆಲೆಗಳು ಏರಿದ ಕಾಲದಲ್ಲಿ, ಹಿಂದೆ ಅಗ್ಗವಾಗಿ ಯಂತ್ರ ಕೊಂಡ ಶಾಖೆಯು ಇಂದು ಕೊಂಡ ಶಾಖೆಗಿಂತ ಸಮರ್ಥವೆಂಬ ಭ್ರಮೆ ಅಲ್ಲಿಯೂ ಹುಟ್ಟುತ್ತದೆ.

ಆದಕಾರಣ ಪ್ರತಿಫಲ ಏರಿದುದನ್ನು ಕಂಡಾಗ, ಲಾಭ ಏರಿತೋ ಬಂಡವಾಳದ ಲೆಕ್ಕ ಇಳಿಯಿತೋ ಎಂಬುದನ್ನು ಮೊದಲು ವಿಚಾರಿಸಬೇಕು. ಹೊಸ ಹೂಡಿಕೆಯನ್ನು ಹಳೆಯ ಸರಾಸರಿಯೊಡನೆ ಹೋಲಿಸದೆ, ಅದಕ್ಕೆ ತಗಲುವ ಬಂಡವಾಳದ ವೆಚ್ಚದೊಡನೆ ಹೋಲಿಸಬೇಕು.