ಅಬಿಡ್ಸ್ ಮಗ್ಗುಲಿನ ಪೊಲೀಸ್ ತಂಡ: ಬೆಂಗಳೂರನ್ನು ಸೋಲಿಸಿದವರೂ ‘ನಮ್ಮವರೇ’

ಅಬಿಡ್ಸ್: ಭಾನುವಾರ ಇಲ್ಲಿನ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಹುಡುಕುವ ಕನ್ನಡಿಗರಿಗೆ ಈ ಬೀದಿಗಳ ಅಂಗಡಿ, ಹೋಟೆಲುಗಳೆಲ್ಲ ಚಿರಪರಿಚಿತ. ಇಲ್ಲಿಂದ ಒಂದು ದಿಕ್ಕಿಗೆ ನಡೆದರೆ ಫತೇ ಮೈದಾನ, ಅಂದರೆ ಇಂದಿನ ಲಾಲ್ ಬಹಾದುರ್ ಕ್ರೀಡಾಂಗಣ. ಇನ್ನೊಂದು ದಿಕ್ಕಿಗೆ ನಡೆದರೆ ಗೋಷಾಮಹಲ್ ಪೊಲೀಸ್ ಮೈದಾನ. ಒಂದು ಕಾಲಕ್ಕೆ ಕಲ್ಕತ್ತದ ದೊಡ್ಡ ಕ್ಲಬ್ಬುಗಳೂ ಅಂಜುತ್ತಿದ್ದ ‘ಹೈದರಾಬಾದ್ ಸಿಟಿ ಪೊಲೀಸ್’ ಫುಟ್‌ಬಾಲ್ ತಂಡ ಈ ಊರಿನದು ಎಂಬುದು ಇಂದಿನ ಪೀಳಿಗೆಯ ಬಹುತೇಕರಿಗೆ ತಿಳಿಯದು.

ಅದು ಹಣ ಕೊಟ್ಟು ಆಟಗಾರರನ್ನು ಖರೀದಿಸುವ ಕಾಲವಲ್ಲ. ಪೊಲೀಸ್ ಇಲಾಖೆಯ ಸಂಬಳದಲ್ಲಿದ್ದವರೇ ಇಲಾಖೆಯ ಅಂಗಿ ತೊಟ್ಟು ಮೈದಾನಕ್ಕೆ ಇಳಿಯುತ್ತಿದ್ದರು. ಹಾಗೆ ಆಡಿಯೇ ಈ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 1950, 1954, 1957 ಮತ್ತು 1961ರಲ್ಲಿ ಡ್ಯುರಾಂಡ್ ಕಪ್ ಕೂಡ ಇದೇ ತಂಡದ ಪಾಲಾಯಿತು. ಆಂಧ್ರಪ್ರದೇಶ ರಚನೆಯಾದ ಬಳಿಕ ತಂಡದ ಹೆಸರು ‘ಆಂಧ್ರಪ್ರದೇಶ ಪೊಲೀಸ್’ ಎಂದು ಬದಲಾಯಿತು.

ಬೆಂಗಳೂರಿನ ಎದುರು

ಈ ಕಥೆಯಲ್ಲಿ ಕನ್ನಡಿಗರಿಗೆ ಎರಡು ಕಡೆಯ ನಂಟಿದೆ. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್ (1937). ಹೈದರಾಬಾದ್ ಪೊಲೀಸರು 1950ರಲ್ಲಿ ಮೊದಲ ಬಾರಿಗೆ ಆ ಕಪ್ ಎತ್ತಿದಾಗ ಫೈನಲ್‌ನಲ್ಲಿ ಸೋತದ್ದು ಬೆಂಗಳೂರಿನ ಆರ್ಯನ್ ಜಿಮ್ಖಾನಾ. 1954ರ ಡ್ಯುರಾಂಡ್ ಫೈನಲ್‌ನಲ್ಲಿ ಎದುರಾಳಿಯಾಗಿದ್ದುದೂ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ತಂಡವೇ.

ಹಾಗೆಂದು ಗೆದ್ದವರು ಪರಕೀಯರೇನಲ್ಲ. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಭಾಗದ ಕನ್ನಡಿಗರಿಗೆ ರಾಜಧಾನಿ ಬೆಂಗಳೂರಲ್ಲ, ಹೈದರಾಬಾದು. ಓದಿಗೆ, ನೌಕರಿಗೆ, ಕೋರ್ಟು ಕಚೇರಿಗೆ ಅವರು ಬರುತ್ತಿದ್ದುದು ಇಲ್ಲಿಗೇ. ಆ ಲೆಕ್ಕದಲ್ಲಿ ಅಂದಿನ ಫೈನಲ್‌ಗಳಲ್ಲಿ ಎರಡೂ ಕಡೆ ‘ನಮ್ಮ’ ತಂಡವೇ ಇತ್ತು ಎಂದರೆ ತಪ್ಪಾಗಲಾರದು.

ಕಾಚಿಗುಡದ ಮೇಷ್ಟ್ರು

ಈ ತಂಡವನ್ನು ಕಟ್ಟಿದವರು ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಶಿಕ್ಷಕರು. ಕರ್ನಾಟಕ ಸಾಹಿತ್ಯ ಮಂದಿರವಿರುವ ನಮ್ಮ ಕಾಚಿಗುಡದ ಮಿಡ್ಲ್ ಸ್ಕೂಲಿನಲ್ಲೂ ಪಾಠ ಹೇಳಿದವರು. ‘ರಹೀಂ ಸಾಬ್’ ಎಂದೇ ಎಲ್ಲರೂ ಕರೆಯುತ್ತಿದ್ದ ಅವರು 1943ರಿಂದ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರು. 1950ರಿಂದ ಪೊಲೀಸ್ ತಂಡಕ್ಕೂ ಭಾರತ ತಂಡಕ್ಕೂ ತರಬೇತಿ ನೀಡಿದರು.

ರಹೀಂ ಅವರ ವಿಧಾನವೂ ಮೇಷ್ಟ್ರದೇ. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವ ಚಟ ಬಿಡಿಸಲು ‘ಡ್ರಿಬ್ಲಿಂಗ್ ಇಲ್ಲದ’ ಪಂದ್ಯಗಳನ್ನು ಏರ್ಪಡಿಸಿದರು. ಬಲಗಾಲಿನವರು ಎಡಗಾಲಿನಲ್ಲೇ ಆಡಬೇಕೆಂಬ ಪಂದ್ಯಗಳೂ ನಡೆದವು. ಇದರಿಂದ ಹುಡುಗರು ಚುರುಕಾಗಿ ಪಾಸ್ ಕೊಡುವುದನ್ನು, ಎರಡೂ ಕಾಲು ಬಳಸುವುದನ್ನು ಕಲಿತರು. ಸಿಕಂದರಾಬಾದಿನ ಅಮ್ಮುಗುಡದ ಬಡ ಹುಡುಗ ತುಳಸೀದಾಸ್ ಬಲರಾಮನ ಆಟ ಕಣ್ಣಿಗೆ ಬಿದ್ದಾಗ, ಆತ ಅಭ್ಯಾಸಕ್ಕೆ ಬರಲು ಬಾಡಿಗೆ ಸೈಕಲ್ಲಿನ ಹಣದ ವ್ಯವಸ್ಥೆಯನ್ನೂ ಅವರೇ ಮಾಡಿದರು. ಅದೇ ಬಲರಾಂ ಮುಂದೆ ಎರಡು ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಆಡಿದರು.

1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ರಹೀಂ ಸಾಬ್ ಗರಡಿಯ ಭಾರತ ನಾಲ್ಕನೇ ಸ್ಥಾನ ಪಡೆಯಿತು. ಹೈದರಾಬಾದಿನ ಅಜೀಜುದ್ದೀನ್, ನೂರ್ ಮೊಹಮ್ಮದ್, ಜುಲ್ಫಿಕರುದ್ದೀನ್ ಅವರ ಜೊತೆಗೆ ಮೈಸೂರು ರಾಜ್ಯದ ಎಂ. ಕೆಂಪಯ್ಯ ಕೂಡ ಆ ತಂಡದಲ್ಲಿದ್ದರು. ದೇಶದ ಅಂಗಿ ತೊಟ್ಟಾಗ ಎರಡು ಊರಿನ ಪೈಪೋಟಿ ಒಂದೇ ಪಾಳೆಯವಾಯಿತು. 1951ರ ದೆಹಲಿ ಮತ್ತು 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟಗಳ ಚಿನ್ನವೂ ರಹೀಂ ಅವರ ಕಾಲದ್ದೇ. ಜಕಾರ್ತಕ್ಕೆ ಹೋಗುವಾಗಲೇ ಅವರಿಗೆ ಕ್ಯಾನ್ಸರ್ ಅಂಟಿತ್ತು. 1963ರ ಜೂನ್ 11ರಂದು ಅವರು ತೀರಿಕೊಂಡರು.

ಮೈದಾನ ಉಳಿದೀತೇ?

ರಹೀಂ ನಂತರ ಇಳಿಮುಖ ತಡವಾಗಲಿಲ್ಲ. ಇಲ್ಲಿನ ಪ್ರತಿಭೆಗಳು ಒಬ್ಬೊಬ್ಬರಾಗಿ ಕಲ್ಕತ್ತದ ಕ್ಲಬ್ಬುಗಳತ್ತ ಹೊರಟರು. ಪೊಲೀಸ್ ತಂಡದಲ್ಲಿ ಆಡಿದ್ದ ಸೈಯದ್ ನಯೀಮುದ್ದೀನ್ ಕೂಡ ಅದೇ ದಾರಿ ಹಿಡಿದು, ಮುಂದೆ ಭಾರತ ತಂಡದ ನಾಯಕರಾದರು. 1965ರಲ್ಲಿ ಆಂಧ್ರಪ್ರದೇಶ ಸಂತೋಷ್ ಟ್ರೋಫಿ ಗೆದ್ದುದೇ ಆ ಯುಗದ ಕೊನೆಯ ದೊಡ್ಡ ಸಂಭ್ರಮ.

ವೃತ್ತಿಪರ ಫುಟ್‌ಬಾಲ್ ಬಂದ ಮೇಲಾದರೂ ಹಳೆಯ ವೈಭವ ಮರಳೀತೆಂಬ ಆಸೆ ಇತ್ತು. 2019ರಲ್ಲಿ ಹುಟ್ಟಿದ ಹೈದರಾಬಾದ್ ಎಫ್‌ಸಿ 2022ರಲ್ಲಿ ಐಎಸ್ಎಲ್ ಕಪ್ಪನ್ನೂ ಗೆದ್ದಿತು. ಆದರೆ 2025ರಲ್ಲಿ ಆ ತಂಡ ಹೆಸರು ಬದಲಿಸಿಕೊಂಡು ದೆಹಲಿಗೆ ಹೊರಟುಹೋಯಿತು. ಕೋಟಿಗಟ್ಟಲೆ ಹಣದ ತಂಡ ಊರಿನಲ್ಲಿ ನಿಂತದ್ದು ಆರೇ ವರ್ಷ.

ಅದೇ 2025ರ ಜನವರಿ 31ರಂದು ಗೋಷಾಮಹಲ್ ಪೊಲೀಸ್ ಮೈದಾನದಲ್ಲಿ ಹೊಸ ಉಸ್ಮಾನಿಯಾ ಆಸ್ಪತ್ರೆಗೆ ಮುಖ್ಯಮಂತ್ರಿ ರೇವಂತ್ ರೆಡ್ಡಿ ಶಂಕುಸ್ಥಾಪನೆ ನೆರವೇರಿಸಿದರು. ಹಳೆಯ ಉಸ್ಮಾನಿಯಾ ಕಟ್ಟಡದ ದುಃಸ್ಥಿತಿ ಎಲ್ಲರಿಗೂ ಗೊತ್ತು. ಬಡ ರೋಗಿಗಳಿಗೆ, ಅದರಲ್ಲೂ ಗಡಿಯಾಚೆಯ ಬೀದರ್, ಕಲಬುರಗಿ ಕಡೆಯಿಂದ ಬರುವವರಿಗೆ ದೊಡ್ಡ ಆಸ್ಪತ್ರೆ ಬೇಕೇ ಬೇಕು. ಅದನ್ನು ಬೇಡವೆನ್ನುವವರು ಯಾರು? ಆದರೆ ಆಸ್ಪತ್ರೆ ಬಂದ ಕಡೆ ಆಟದ ಜಾಗ ಹೋಯಿತೆಂದರೆ, ಸುತ್ತಲಿನ ಇಕ್ಕಟ್ಟಿನ ಗಲ್ಲಿಗಳ ಮಕ್ಕಳಿಗೆ ಬದಲಿ ಬಯಲು ಎಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ.

2024ರಲ್ಲಿ ತೆರೆಕಂಡ ‘ಮೈದಾನ್’ ಹಿಂದಿ ಚಿತ್ರದಿಂದ ರಹೀಂ ಹೆಸರು ಮತ್ತೆ ದೇಶಕ್ಕೆಲ್ಲ ನೆನಪಾಯಿತು. ಚಿತ್ರದ ಹೆಸರೇ ಅವರ ದುಡಿಮೆಯ ಗುಟ್ಟನ್ನೂ ಹೇಳುತ್ತದೆ. ರಹೀಂ ಸಾಬ್ ತಂಡ ಕಟ್ಟಿದ್ದು ಹಣದಿಂದಲ್ಲ. ಒಂದು ಬಯಲು, ಒಂದು ಚೆಂಡು, ಎಡಗಾಲಿನ ಅಭ್ಯಾಸ, ಬಾಡಿಗೆಯ ಸೈಕಲ್ಲು ಇಷ್ಟರಿಂದ. ಇವುಗಳಲ್ಲಿ ದುಡ್ಡು ಕೊಟ್ಟರೂ ಈಗ ಅಬಿಡ್ಸ್ ಸುತ್ತಮುತ್ತ ಸಿಗದಿರುವುದು ಮೊದಲನೆಯದು. ಮುಂದಿನ ಭಾನುವಾರ ಪುಸ್ತಕ ಕೊಳ್ಳಲು ಹೋದವರು ಮಕ್ಕಳನ್ನು ಫತೇ ಮೈದಾನದವರೆಗೆ ಕರೆದೊಯ್ದು ಈ ಕಥೆ ಹೇಳಿದರೆ, ರಹೀಂ ಸಾಬ್‌ಗೆ ಅದಕ್ಕಿಂತ ದೊಡ್ಡ ಸ್ಮಾರಕ ಬೇಕಿಲ್ಲ.