ಕಿನ್ನಾಳ ಗೊಂಬೆ ಕಲಿಸುವ ಪಾಠ

ಪುಟ್ಟ ಗೊಂಬೆ ಮಾಡಿ ಬಣ್ಣ ಹಚ್ಚುವ ಹವ್ಯಾಸ ನಿಮಗಿದೆಯೇ? ನಮ್ಮ ವಿಜಯನಗರ ಜಿಲ್ಲೆಯ ಪಕ್ಕದಲ್ಲೇ, ಕೊಪ್ಪಳ ಜಿಲ್ಲೆಯ ಕಿನ್ನಾಳವಿದೆ. ಅಲ್ಲಿನ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆಯ ಭಾಗಗಳನ್ನು ಕೆತ್ತಿ ಜೋಡಿಸುತ್ತಾರೆ. ಗೋಣಿ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸಿದರೆ ‘ಕಿಟ್ಟ’ ಸಿದ್ಧ. ಅದನ್ನು ಗೊಂಬೆಗೆಲ್ಲ ಬಳಿದು, ಹತ್ತಿಯ ತುಂಡುಗಳನ್ನು ಅಂಟಿಸಿ, ಕಲ್ಲುಪುಡಿ ಮತ್ತು ಗೋಂದಿನ ಲೇಪ ಕೊಡುತ್ತಾರೆ. ಒಡವೆಗಳ ಉಬ್ಬು ಮೂಡುವುದೂ ಈ ಲೇಪದಿಂದಲೇ. ಬಣ್ಣ ಕೊನೆಗೆ.

ಮಣ್ಣಿನ ಗೊಂಬೆಗೂ ಇದೇ ಕ್ರಮ. ಪೂರ್ತಿ ಒಣಗುವ ಮುನ್ನ ಬಣ್ಣ ಹಚ್ಚಿದರೆ ಅದು ಸಿಪ್ಪೆಯೇಳುತ್ತದೆ. ಮೊದಲು ಬಿಳಿ ಲೇಪ, ನಂತರ ದೊಡ್ಡ ಭಾಗಗಳು, ಕೊನೆಗೆ ಸಣ್ಣ ಕುಂಚದಿಂದ ಕಣ್ಣು.

ಕಿನ್ನಾಳ ಗೊಂಬೆಗೆ ಜಿಐ ಮಾನ್ಯತೆ ಸಿಕ್ಕಿದೆ. ಆದರೆ ಕಲಿಯುವ ಕೈಗಳಿಲ್ಲದಿದ್ದರೆ ಕಲೆ ಉಳಿಯದು. ರಜೆಯಲ್ಲಿ ಒಮ್ಮೆ ಹೋಗಿ ನೋಡಿ ಬನ್ನಿ.